ಬ್ರೇಕರ್ ಚಿಸೆಲ್ ಮೇಲಿಂದ ಮೇಲೆ ಮುರಿಯುತ್ತಿದೆಯೇ? ಸೀಲ್ ಕಿಟ್‌ಗೆ ಕೈ ಹಾಕುವ ಮೊದಲು

ಪ್ರಶ್ನೆ: ಚಿಕ್ಕಬಳ್ಳಾಪುರದ ಕಡೆ ನಮ್ಮದೊಂದು ಜಲ್ಲಿ ಕ್ರಷರ್ ಇದೆ. 20 ಟನ್ ಹಿಟಾಚಿಗೆ 140 ಮಿ.ಮೀ. ಚಿಸೆಲ್‌ನ (ಕಲ್ಲಿಗೆ ಬೀಳುವ ಉಕ್ಕಿನ ಉಳಿ) ಸೆಕೆಂಡ್ ಹ್ಯಾಂಡ್ ಬ್ರೇಕರ್ (ಬಂಡೆ ಒಡೆಯುವ ಹೈಡ್ರಾಲಿಕ್ ಸುತ್ತಿಗೆ) ಕೂರಿಸಿ ಮೂರು ತಿಂಗಳಾಯಿತು. ಅಷ್ಟರಲ್ಲೇ ಎರಡು ಚಿಸೆಲ್ ಮುರಿದವು. ಹೋಸ್ ವಿಪರೀತ ಕುಣಿಯುತ್ತದೆ, ಏಟು ಮೊದಲಿನಷ್ಟು ಗಟ್ಟಿಯಾಗಿ ಬೀಳುತ್ತಿಲ್ಲ, ಚಿಸೆಲ್ ಪಕ್ಕದಿಂದ ಕಪ್ಪು ಎಣ್ಣೆ ಇಳಿಯುತ್ತಿದೆ. ಮಧ್ಯಾಹ್ನದ ಹೊತ್ತಿಗೆ ಆಯಿಲ್ ಕಾದು ಬೂಮ್ ಕೂಡ ನಿಧಾನವಾಗುತ್ತದೆ. ಸೀಲ್ ಕಿಟ್ ಹಾಕಿಸಿ ಎಂದು ಮೆಕ್ಯಾನಿಕ್ ಹೇಳುತ್ತಿದ್ದಾರೆ. ಹಾಕಿಸಬೇಕೇ?

ಉತ್ತರ: ಈಗಲೇ ಬೇಡ. ನೀವು ಹೇಳಿದ ಐದು ದೂರುಗಳಲ್ಲಿ ಸೀಲ್‌ಗೆ (ಆಯಿಲ್ ಸೋರದಂತೆ ತಡೆಯುವ ಬಳೆ) ಸಂಬಂಧಪಟ್ಟದ್ದು ಒಂದೇ ಒಂದು, ಅದೂ ಅನುಮಾನ. ಉಳಿದ ನಾಲ್ಕಕ್ಕೆ ಕಾರಣ ಬ್ರೇಕರ್‌ನ ಹೊಟ್ಟೆಯೊಳಗೆ ಇಲ್ಲ. ಬುಷ್ (ಚಿಸೆಲನ್ನು ಸುತ್ತ ಹಿಡಿದಿರುವ ಬಳೆ), ಗ್ರೀಸ್, ಗ್ಯಾಸ್, ರಿಟರ್ನ್ ಪೈಪು (ಆಯಿಲ್ ಟ್ಯಾಂಕಿಗೆ ವಾಪಸ್ ಹೋಗುವ ಪೈಪು), ಆಪರೇಟರ್ ಕೈ, ಇವುಗಳಲ್ಲೇ ಎಲ್ಲೋ ಇದೆ. ಇವನ್ನು ಸರಿಮಾಡದೆ ಹೊಸ ಸೀಲ್ ಹಾಕಿದರೆ ಅದೂ ಹಳೆಯದರ ದಾರಿಯನ್ನೇ ಹಿಡಿಯುತ್ತದೆ.

ಒಳಗೆ ಏನು ನಡೆಯುತ್ತದೆ ಎಂಬುದು ಎರಡು ಮಾತಿನಲ್ಲಿ ಗೊತ್ತಿದ್ದರೆ ಮುಂದಿನದೆಲ್ಲ ಸುಲಭ. ಪಂಪಿನಿಂದ ಬಂದ ಆಯಿಲ್ ಪಿಸ್ಟನ್ನನ್ನು ಮೇಲಕ್ಕೆ ತಳ್ಳುತ್ತದೆ. ಮೇಲೆ ಬ್ಯಾಕ್ ಹೆಡ್‌ನಲ್ಲಿ, ಅಂದರೆ ಬ್ರೇಕರ್‌ನ ಮೇಲ್ತುದಿಯ ಕೋಣೆಯಲ್ಲಿ, ನೈಟ್ರೋಜನ್ ಗ್ಯಾಸ್ ಇರುತ್ತದೆ, ಅದು ಸ್ಪ್ರಿಂಗಿನ ಹಾಗೆ ಅಮುಕಿಕೊಳ್ಳುತ್ತದೆ. ಒಳಗಿನ ವಾಲ್ವ್ ತಿರುಗಿದ ಕೂಡಲೇ ಗ್ಯಾಸೂ ಆಯಿಲೂ ಸೇರಿ ಪಿಸ್ಟನ್ನನ್ನು ಕೆಳಗೆ ನೂಕಿ ಚಿಸೆಲ್ ತಲೆಗೆ ಹೊಡೆಸುತ್ತವೆ. 140 ಮಿ.ಮೀ. ಬ್ರೇಕರ್‌ನಲ್ಲಿ ಇದು ನಿಮಿಷಕ್ಕೆ 350ರಿಂದ 500 ಸಲ. ಪ್ರತಿ ಏಟಿಗೂ ರಿಟರ್ನ್ ಪೈಪಿನಲ್ಲಿ ಆಯಿಲ್ ಒಂದೇ ಸಮ ಹರಿಯುವುದಿಲ್ಲ, ತುಂಡು ತುಂಡಾಗಿ ನುಗ್ಗುತ್ತದೆ. ಹೋಸ್ ಅಲುಗುವುದು ಅದಕ್ಕೇ. ಸ್ವಲ್ಪ ಅಲುಗಾಟ ಸಹಜ, ಹಾವಿನಂತೆ ಎಗರಿದರೆ ಸಹಜವಲ್ಲ.

ಮುರಿದ ಚಿಸೆಲ್ ಬಿಸಾಡಬೇಡಿ

ಅದೇ ನಿಮ್ಮ ಮೊದಲ ಸಾಕ್ಷಿ. ಗುಜರಿಗೆ ಹಾಕುವ ಮುಂಚೆ ಮುರಿದ ಮುಖವನ್ನು ಡೀಸೆಲ್‌ನಲ್ಲಿ ಒರೆಸಿ ಬಿಸಿಲಿಗೆ ಹಿಡಿದು ನೋಡಿ. ಅಂಚಿನಲ್ಲಿ ಒಂದು ಬಿಂದುವಿನಿಂದ ಹೊರಟು ಚಿಪ್ಪಿನ ಮೇಲಿನ ಗೆರೆಗಳಂತೆ ಅಲೆ ಅಲೆಯಾಗಿ ಹರಡಿದ ನುಣುಪಾದ ಭಾಗ, ಅದರಾಚೆ ಒರಟು ಒರಟಾದ ಭಾಗ ಕಂಡರೆ ಚಿಸೆಲ್ ಒಂದೇ ಏಟಿಗೆ ಮುರಿದದ್ದಲ್ಲ. ಬಿರುಕು ದಿನಗಟ್ಟಲೆ ಬೆಳೆದು ಕೊನೆಗೆ ಕೈಬಿಟ್ಟಿದೆ. ಆ ಬಿಂದು ಇರುವ ಕಡೆ ಹೊರಮೈ ನೋಡಿ. ಅಲ್ಲಿ ಉದ್ದಕ್ಕೆ ಉಜ್ಜಿದ ಗಾಯ, ನೀಲಿ ಬಣ್ಣ ಇದ್ದರೆ ಗ್ರೀಸ್ ಇಲ್ಲದೆ ಚಿಸೆಲ್ಲೂ ಬುಷ್ಷೂ ಒಣ ಒಣವಾಗಿ ತಿಕ್ಕಾಡಿವೆ ಎಂದರ್ಥ. ಉಕ್ಕಿನ ಮೇಲೆ ಒಂದು ಗೀರು ಬಿದ್ದರೂ ಸಾಕು, ಬಿರುಕು ಅಲ್ಲಿಂದಲೇ ಶುರು.

ಮುರಿದ ಜಾಗವೂ ಮಾತಾಡುತ್ತದೆ. ಕೆಳಗಿನ ಬುಷ್ ಅಂಚಿಗೆ ಸರಿಯಾಗಿ ಮುರಿದಿದ್ದರೆ ಅದು ಬಾಗಿಸಿದ್ದರಿಂದ: ಚಿಸೆಲನ್ನು ಹಾರೆಯಂತೆ ಬಳಸಿ ಕಲ್ಲು ಮೀಟಿದ್ದಾರೆ, ಇಲ್ಲವೇ ಓರೆಯಾಗಿ ಹೊಡೆದಿದ್ದಾರೆ. ಚಿಸೆಲ್ ಕಳಚಿ ಬೀಳದಂತೆ ಹಿಡಿಯುವ ರಿಟೈನರ್ ಪಿನ್ ಕೂರುವ ತೋಡಿನ ಹತ್ತಿರ ಮುರಿದಿದ್ದರೆ ಅದು ಬಹುಮಟ್ಟಿಗೆ ಖಾಲಿ ಏಟಿನ ಫಲ. ಕಲ್ಲು ಒಡೆದ ಮೇಲೂ ಪೆಡಲ್ ಬಿಡದಿದ್ದರೆ ಏಟಿನ ಶಕ್ತಿಗೆ ಹೋಗಲು ಬೇರೆ ಜಾಗವಿಲ್ಲ, ಪೂರ್ತಿ ಆ ಪಿನ್ನಿನ ಮೇಲೆ ಬೀಳುತ್ತದೆ. ತುದಿ ಅಣಬೆಯಂತೆ ಅರಳಿದ್ದರೆ ಒಂದೇ ಜಾಗದಲ್ಲಿ ಬಹಳ ಹೊತ್ತು ಕುಟ್ಟಿದ್ದಾರೆ, ಉಕ್ಕು ಕಾದು ಮೆತ್ತಗಾಗಿದೆ. ಕೆಲವರು ಆ ಬಿಸಿ ತುದಿಯ ಮೇಲೆ ನೀರು ಹೊಯ್ಯುತ್ತಾರೆ. ಅದು ಇನ್ನೂ ಕೆಡುಕು, ತುದಿ ಗಾಜಿನಂತೆ ಪೆಡಸಾಗಿ ಚಕ್ಕೆ ಏಳುತ್ತದೆ.

ಬುಷ್ ಮತ್ತು ಗ್ರೀಸ್

ಸೆಕೆಂಡ್ ಹ್ಯಾಂಡ್ ಬ್ರೇಕರ್ ಎಂದಿದ್ದೀರಿ. ಹಾಗಾದರೆ ನನ್ನ ಮೊದಲ ಅನುಮಾನ ಕೆಳಗಿನ ಬುಷ್ ಮೇಲೆ. ಚಿಸೆಲನ್ನು ಹಾರೆಯಿಂದ ಒಂದು ಪಕ್ಕಕ್ಕೆ ಒತ್ತಿ ಹಿಡಿದು, ಎದುರು ಪಕ್ಕದ ಸಂದಿಯಲ್ಲಿ ಫೀಲರ್ ಗೇಜ್ ಇಲ್ಲವೇ ಗೊತ್ತಿರುವ ದಪ್ಪದ ಕಬ್ಬಿಣದ ಸಲಾಕೆ ತೂರಿಸಿ ನೋಡಿ. ನಾಲ್ಕು ದಿಕ್ಕಿನಲ್ಲೂ ಅಳೆಯಿರಿ, ಸವೆತ ಯಾವತ್ತೂ ಒಂದೇ ಸಮ ಇರುವುದಿಲ್ಲ. ನಿಮ್ಮ ಮಾದರಿಯ ಮಿತಿ ಕೈಪಿಡಿಯಲ್ಲಿ ಇರುತ್ತದೆ. ಈ ಗಾತ್ರಕ್ಕೆ ಸಂದಿ 6 ಮಿ.ಮೀ. ಮುಟ್ಟಿದ್ದರೆ ಬುಷ್ ತರಿಸುವ ಏರ್ಪಾಟು ಮಾಡಿಕೊಳ್ಳಿ. ಹಲವು ಮಾದರಿಗಳಲ್ಲಿ ಕೆಳಬುಷ್ಷನ್ನು 90 ಡಿಗ್ರಿ ತಿರುಗಿಸಿ ಕೂರಿಸಬಹುದು, ಅದರಿಂದ ಇನ್ನಷ್ಟು ದಿನ ಬಾಳಿಕೆ ಸಿಗುತ್ತದೆ.

ಬುಷ್ ಸವೆದರೆ ನಷ್ಟ ಬುಷ್‌ಗೆ ಮಾತ್ರ ಎಂದುಕೊಳ್ಳಬೇಡಿ. ಚಿಸೆಲ್ ವಾಲುತ್ತದೆ, ಪಿಸ್ಟನ್ ಅದರ ತಲೆಯ ನಡುವಿಗೆ ಬೀಳದೆ ಅಂಚಿಗೆ ಬೀಳುತ್ತದೆ, ಪಿಸ್ಟನ್ ಮುಖದ ಚಕ್ಕೆ ಎದ್ದು ಹೋಗುತ್ತದೆ. ಆ ಚಕ್ಕೆ ಸಿಲಿಂಡರ್ ಒಳಗೆ ಹೋದರೆ ಗೀರು, ಗೀರಿನಿಂದ ಸೀಲ್ ಹರಿದುಹೋಗುತ್ತದೆ. ಬುಷ್ ದುಡ್ಡು ಉಳಿಸಲು ಹೋಗಿ ಪಿಸ್ಟನ್ ಸಿಲಿಂಡರ್ ಕಳೆದುಕೊಳ್ಳುವುದು ಹೀಗೆ. ಹಳೆಯ ಬುಷ್‌ಗೆ ಹೊಸ ಚಿಸೆಲ್ ಹಾಕಿ ಅದು ಮುರಿದಾಗ ಚಿಸೆಲ್ ಕಂಪನಿಯನ್ನು ಬೈಯುವವರೇ ಹೆಚ್ಚು.

ಗ್ರೀಸ್ ವಿಷಯ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಎಲ್ಲರೂ ಹಾಕುತ್ತೇವೆ ಎನ್ನುತ್ತಾರೆ, ಸರಿಯಾಗಿ ಹಾಕುವವರು ಕಡಿಮೆ. ಮೊದಲು ಬ್ರೇಕರನ್ನು ನೆಟ್ಟಗೆ ನಿಲ್ಲಿಸಿ, ಚಿಸೆಲನ್ನು ಗಟ್ಟಿ ಕಲ್ಲಿನ ಮೇಲಿಟ್ಟು ಬೂಮ್‌ನಿಂದ ಒತ್ತಬೇಕು. ಚಿಸೆಲ್ ಪೂರ್ತಿ ಮೇಲೆ ಹೋಗಿ ಪಿಸ್ಟನ್‌ಗೆ ತಾಗಿ ನಿಲ್ಲಬೇಕು. ಇಂಜಿನ್ ಆಫ್ ಮಾಡಿ, ಆಮೇಲೆ ಗನ್ ಹಿಡಿಯಬೇಕು. ಬ್ರೇಕರನ್ನು ಗಾಳಿಯಲ್ಲಿ ನೇತುಹಾಕಿ ಗ್ರೀಸ್ ಹೊಡೆದರೆ ಚಿಸೆಲ್ ಕೆಳಗೆ ಜಾರಿ ಪಿಸ್ಟನ್ನಿಗೂ ಅದಕ್ಕೂ ನಡುವೆ ಖಾಲಿ ಜಾಗ ಉಳಿದಿರುತ್ತದೆ. ಗ್ರೀಸೆಲ್ಲ ಅಲ್ಲಿ ತುಂಬಿಕೊಳ್ಳುತ್ತದೆ, ಬುಷ್‌ಗೆ ಇಳಿಯುವುದಿಲ್ಲ. ಮೊದಲ ಏಟಿಗೇ ಆ ಗ್ರೀಸು ಸಿಕ್ಕಿಹಾಕಿಕೊಂಡು ಮೇಲಿನ ಸೀಲನ್ನು ಹಿಸುಕುತ್ತದೆ. ಎಷ್ಟೋ ಸೀಲ್ ಹೋಗುವುದು ಆಯಿಲ್ ಒತ್ತಡದಿಂದಲ್ಲ, ಹೆಲ್ಪರ್ ಕೈಯ ಗ್ರೀಸ್ ಗನ್‌ನಿಂದ.

ಪ್ರಮಾಣ: ಪ್ರತಿ ಎರಡು ಗಂಟೆಗೆ 10ರಿಂದ 15 ಪಂಪು. ಬುಷ್ ಸವೆದಿದ್ದರೆ ಇನ್ನೂ ಬೇಗ. ಬುಷ್ ಸಂದಿಯಿಂದ ಹೊಸ ಗ್ರೀಸ್ ಇಣುಕಿದರೆ ಸಾಕು. ಕೆಲಸ ಮಾಡುವಾಗ ಚಿಸೆಲ್ ಮೈ ಹೊಳೆಯುತ್ತ ಒಣಗಿದಂತೆ ಕಂಡರೆ ಗಂಟೆ ನೋಡಬೇಡಿ, ನಿಲ್ಲಿಸಿ ಹಾಕಿ. ವೀಲ್ ಬೇರಿಂಗಿಗೆ ಹಾಕುವ ಮಾಮೂಲಿ ಲಿಥಿಯಂ ಗ್ರೀಸ್ ಇಲ್ಲಿ ನಿಲ್ಲುವುದಿಲ್ಲ. ಸುಮಾರು 180–190 ಡಿಗ್ರಿಗೆ ಅದು ಕರಗಿ ನೀರಾಗುತ್ತದೆ, ಬುಷ್ ಒಳಗೆ ಆ ಬಿಸಿ ಬರುವುದು ಕಷ್ಟವೇನಲ್ಲ. ಚಿಸೆಲ್ ಪೇಸ್ಟ್ ಎಂದೇ ಸಿಗುವ, ಮಾಲಿಬ್ಡಿನಂ, ಗ್ರಾಫೈಟ್ ಅಥವಾ ತಾಮ್ರದ ಪುಡಿ ಬೆರೆತ ಗ್ರೀಸ್ ತನ್ನಿ. ಗ್ರೀಸ್ ಕರಗಿದರೂ ಆ ಪುಡಿ ಉಕ್ಕಿನ ನಡುವೆ ಉಳಿಯುತ್ತದೆ.

ಇನ್ನು ನಿಮ್ಮ ‘ಕಪ್ಪು ಎಣ್ಣೆ’. ಅದು ಕರಗಿದ ಗ್ರೀಸೇ ಇರಬಹುದು. ಪರೀಕ್ಷೆ ಸರಳ. ಚಿಸೆಲ್ ಸುತ್ತ ಬಟ್ಟೆಯಿಂದ ಚೊಕ್ಕ ಒರೆಸಿ, ಐದು ನಿಮಿಷ ಹೊಡೆಸಿ, ಇಳಿದದ್ದನ್ನು ಬೆರಳಲ್ಲಿ ಉಜ್ಜಿ ನೋಡಿ. ಕಪ್ಪಗೆ, ಅಂಟಂಟಾಗಿ, ತಣ್ಣಗಾದ ಮೇಲೆ ಗಟ್ಟಿಯಾದರೆ ಗ್ರೀಸ್. ತೆಳ್ಳಗೆ ಸಲೀಸಾಗಿ ಹರಿದು, ಟ್ಯಾಂಕಿನ ಆಯಿಲ್ ಬಣ್ಣವೇ ಇದ್ದು, ಟ್ಯಾಂಕಿನ ಮಟ್ಟವೂ ದಿನೇ ದಿನೇ ಇಳಿಯುತ್ತಿದ್ದರೆ ಮಾತ್ರ ಸೀಲ್ ಹೋಗಿದೆ.

ಏಟು ಸಪ್ಪಗಾಗಿದ್ದು: ಗ್ಯಾಸ್

ಬ್ಯಾಕ್ ಹೆಡ್ ಗ್ಯಾಸ್ ಕಡಿಮೆಯಾದರೆ ಏಟಿನಲ್ಲಿ ದಮ್ಮಿರುವುದಿಲ್ಲ. ಹೆಚ್ಚಾದರೆ ಪಿಸ್ಟನ್ ಮೇಲೇರಲಾರದೆ ಏಟು ನಿಧಾನವಾಗಿ, ಕೆಲವೊಮ್ಮೆ ನಿಂತೇ ಹೋಗಿ, ಆಯಿಲೆಲ್ಲ ರಿಲೀಫ್ ವಾಲ್ವ್ (ಒತ್ತಡ ಮಿತಿ ಮೀರಿದರೆ ತೆರೆದುಕೊಳ್ಳುವ ವಾಲ್ವ್) ಮೇಲೆ ಹೋಗಿ ಬಿಸಿಯಾಗುತ್ತದೆ. ಆದ್ದರಿಂದ ‘ಇರಲಿ, ಸ್ವಲ್ಪ ಜಾಸ್ತಿ ತುಂಬಿ’ ಎನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಎಷ್ಟು ಬಾರ್ (ಒತ್ತಡದ ಅಳತೆ) ಎಂಬುದು ಮಾದರಿಯ ಮೇಲೆ ಹೋಗುತ್ತದೆ. ಅಕ್ಯುಮುಲೇಟರ್ (ಆಯಿಲ್ ಏಟನ್ನು ಹೀರಿಕೊಳ್ಳುವ ಗ್ಯಾಸ್ ಡಬ್ಬಿ) ಇರುವ ಕೆಲವದರಲ್ಲಿ ಬ್ಯಾಕ್ ಹೆಡ್‌ಗೆ 6 ಬಾರ್ ಆಸುಪಾಸು ಸಾಕು, ಕೆಲವದರಲ್ಲಿ 15 ದಾಟುತ್ತದೆ. ಪಕ್ಕದ ಕ್ವಾರಿಯವರ ಅಂಕಿ ನಿಮಗೆ ಆಗುವುದಿಲ್ಲ, ನಿಮ್ಮ ಬ್ರೇಕರ್ ಮೇಲಿನ ಪ್ಲೇಟ್ ನೋಡಿ.

ಅಳೆಯುವಾಗ ಚಿಸೆಲ್ ಒತ್ತಿರಬಾರದು, ಪಿಸ್ಟನ್ ಪೂರ್ತಿ ಕೆಳಗಿರಬೇಕು. ಇಲ್ಲದಿದ್ದರೆ ಗ್ಯಾಸ್ ಆಗಲೇ ಅಮುಕಿಕೊಂಡು ಗೇಜ್ ಸುಳ್ಳು ಹೇಳುತ್ತದೆ. ಬಿಸಿಯೂ ಸುಳ್ಳು ಹೇಳಿಸುತ್ತದೆ: 20 ಡಿಗ್ರಿಯಲ್ಲಿ 16 ಬಾರ್ ತೋರಿಸುವ ಅದೇ ಗ್ಯಾಸ್ 60 ಡಿಗ್ರಿಗೆ ಕಾದಾಗ 18 ದಾಟುತ್ತದೆ. ಮಧ್ಯಾಹ್ನ ಕೆಲಸ ನಿಲ್ಲಿಸಿ ಅಳೆದು ‘ಸರಿ ಇದೆ’ ಎಂದರೆ ನಿಜಕ್ಕೂ ಅದು ಕಡಿಮೆ ಇರುತ್ತದೆ. ಬೆಳಿಗ್ಗೆ ಇಂಜಿನ್ ಹಚ್ಚುವ ಮೊದಲೇ ಅಳೆಯಿರಿ. ತುಂಬಿದ ಮೇಲೆ ವಾಲ್ವ್ ಸುತ್ತ ಸೋಪಿನ ನೊರೆ ಹಚ್ಚಿ ಗುಳ್ಳೆ ಬರುತ್ತದೆಯೇ ನೋಡಿ. ಮೊದಮೊದಲು ವಾರಕ್ಕೊಮ್ಮೆ ಅಳೆದು ಬರೆದಿಟ್ಟುಕೊಂಡರೆ ಸೋರುವ ವೇಗ ಗೊತ್ತಾಗುತ್ತದೆ.

ತುಂಬುವುದು ನೈಟ್ರೋಜನ್ ಮಾತ್ರ. ವೆಲ್ಡಿಂಗ್ ಶಾಪಿನಲ್ಲಿ ಆಕ್ಸಿಜನ್ ಸಿಲಿಂಡರ್ ಪಕ್ಕದಲ್ಲೇ ನಿಂತಿರುತ್ತದೆ. ಎಣ್ಣೆ ಇರುವ ಜಾಗದಲ್ಲಿ ಆಕ್ಸಿಜನ್ ಅಮುಕಿದರೆ ಅದು ಬಾಂಬು. ನಮ್ಮ ದೇಶದಲ್ಲಿ ಆಕ್ಸಿಜನ್ ಸಿಲಿಂಡರಿನ ಮೈ ಕಪ್ಪು. ನೈಟ್ರೋಜನ್‌ನದು ಬೂದು ಮೈ, ಕಪ್ಪು ಕುತ್ತಿಗೆ. ಬಣ್ಣ ಮಾಸಿದ್ದರೆ ಆ ಸಿಲಿಂಡರ್ ಮುಟ್ಟಲೇಬೇಡಿ. ತುಂಬಿದ ಸಿಲಿಂಡರಿನಲ್ಲಿ 150 ಬಾರ್ ಇರಬಹುದು, ಆದ್ದರಿಂದ ರೆಗ್ಯುಲೇಟರ್ ಇಲ್ಲದೆ ನೇರ ಹೋಸ್ ಜೋಡಿಸಬಾರದು. ಗ್ಯಾಸ್ ತುಂಬುವಾಗ ಚಿಸೆಲ್ ತುದಿಯ ಎದುರು ಯಾರೂ ನಿಲ್ಲಬಾರದು.

ಅಕ್ಯುಮುಲೇಟರ್ ಇರುವ ಬ್ರೇಕರ್ ಆಗಿದ್ದರೆ ಹೋಸ್ ಎಗರಾಟಕ್ಕೆ ಮೊದಲ ಅನುಮಾನ ಅದರ ಮೇಲೆಯೇ. ಒಳಗಿನ ರಬ್ಬರ್ ಡಯಾಫ್ರಾಮ್ ಹರಿದರೆ ಆಯಿಲ್ ಏಟನ್ನು ಹೀರಿಕೊಳ್ಳುವವರಿಲ್ಲದೆ ಹೋಸ್ ಒದೆಯುತ್ತದೆ. ಗ್ಯಾಸ್ ವಾಲ್ವ್ ನಿಧಾನವಾಗಿ ಸಡಿಲಿಸಿದಾಗ ಗ್ಯಾಸ್ ಜೊತೆ ಆಯಿಲ್ ಬಂದರೆ ಡಯಾಫ್ರಾಮ್ ಹರಿದಿದೆ, ಮತ್ತೆ ಗ್ಯಾಸ್ ತುಂಬಿ ಪ್ರಯೋಜನವಿಲ್ಲ.

ಆಯಿಲ್ ಕಾಯುವುದು: ಪೈಪ್‌ಲೈನ್ ನೋಡಿ

ಸೆಕೆಂಡ್ ಹ್ಯಾಂಡ್ ಬ್ರೇಕರ್ ಕೂರಿಸುವಾಗ ಲೋಕಲ್ ಪೈಪ್‌ಲೈನ್ ಮಾಡಿಸಿದ್ದೀರೆಂದು ಊಹಿಸುತ್ತೇನೆ. ಅಲ್ಲಿ ಸಾಮಾನ್ಯವಾಗಿ ಆಗುವ ತಪ್ಪು ಒಂದೇ: ರಿಟರ್ನ್ ಲೈನನ್ನು ಮೇನ್ ಕಂಟ್ರೋಲ್ ವಾಲ್ವ್ ಮೂಲಕ ವಾಪಸ್ ಕಳಿಸುವುದು. ಅದು ನೇರವಾಗಿ ಫಿಲ್ಟರ್ ದಾಟಿ ಟ್ಯಾಂಕಿಗೇ ಹೋಗಬೇಕು. ಪೈಪು ಪ್ರೆಷರ್ ಲೈನಿಗಿಂತ ದಪ್ಪ ಇರಬೇಕು, ಪ್ರೆಷರ್ ಲೈನ್ 1 ಇಂಚಾದರೆ ರಿಟರ್ನ್ ಒಂದೂಕಾಲು ಇಂಚು. ಮೊಣಕೈ ಬೆಂಡುಗಳು ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ರಿಟರ್ನ್ ಲೈನಿನಲ್ಲಿ, ಬ್ರೇಕರ್ ಪಕ್ಕದಲ್ಲೇ ಒಂದು ಗೇಜ್ ಕೂರಿಸಿ ಹೊಡೆಸಿ ನೋಡಿ. 10 ಬಾರ್ ಸುತ್ತಮುತ್ತ ಇದ್ದರೆ ಸರಿ, 20–25 ತೋರಿಸಿದರೆ ಕಳ್ಳ ಸಿಕ್ಕ. ವಾಪಸ್ ಹೋಗಲು ದಾರಿಯಿಲ್ಲದ ಆಯಿಲ್ ಪಿಸ್ಟನ್ನಿಗೆ ಅಡ್ಡ ನಿಲ್ಲುತ್ತದೆ. ಏಟು ಸಪ್ಪಗಾಗುತ್ತದೆ, ಹೋಸ್ ಒದೆಯುತ್ತದೆ, ಆಯಿಲ್ ಕಾಯುತ್ತದೆ, ಸೀಲ್ ಹೊರಕ್ಕೆ ಉಬ್ಬುತ್ತದೆ. ನಿಮ್ಮ ದೂರುಗಳಲ್ಲಿ ನಾಲ್ಕು ಇದೊಂದರಿಂದಲೇ ಬರಬಲ್ಲವು! ಗೇಜ್ ಹಾಕುವ ಮುಂಚೆ ಬ್ರೇಕರ್ ಬಳಿಯ ಎರಡೂ ಸ್ಟಾಪ್ ವಾಲ್ವ್ ಪೂರ್ತಿ ತೆರೆದಿವೆಯೇ ನೋಡಿಕೊಳ್ಳಿ. ಅರ್ಧ ತೆರೆದ ರಿಟರ್ನ್ ವಾಲ್ವ್ ಕೂಡ ಇದೇ ಆಟ ಆಡಿಸುತ್ತದೆ.

ಆಮೇಲೆ ಆಯಿಲ್ ಪ್ರಮಾಣ. 140 ಮಿ.ಮೀ. ಬ್ರೇಕರ್‌ಗಳಿಗೆ ಸಾಮಾನ್ಯವಾಗಿ ನಿಮಿಷಕ್ಕೆ 120ರಿಂದ 180 ಲೀಟರ್, 160–180 ಬಾರ್ ಒತ್ತಡ ಬೇಕು. 20 ಟನ್ ಮಷಿನ್ನಿನ ಎರಡು ಪಂಪೂ ಸೇರಿದರೆ ಅದರ ಎರಡುಪಟ್ಟಿಗಿಂತ ಹೆಚ್ಚು ಆಯಿಲ್ ಬರುತ್ತದೆ. ಮಾನಿಟರಿನಲ್ಲಿ ಬ್ರೇಕರ್ ಮೋಡ್ ಇದ್ದರೆ ಅದರಲ್ಲೇ ಕೆಲಸ ಮಾಡಿಸಿ, ಹರಿವನ್ನು ಫ್ಲೋ ಮೀಟರ್ ಹಾಕಿಸಿ ಒಮ್ಮೆ ಅಳೆಸಿ. ಏಟು ಜಾಸ್ತಿ ಬೀಳಲಿ ಎಂದು ಪವರ್ ಮೋಡ್‌ನಲ್ಲಿ ಓಡಿಸುವ ಆಪರೇಟರುಗಳಿದ್ದಾರೆ. ಜಾಸ್ತಿಯಾಗುವುದು ಡೀಸೆಲ್ ಖರ್ಚು ಮತ್ತು ಬಿಸಿ. ಬ್ರೇಕರ್ ಲೈನಿನ ರಿಲೀಫ್ ವಾಲ್ವ್ ಕೆಲಸದ ಒತ್ತಡಕ್ಕಿಂತ 30–40 ಬಾರ್ ಮೇಲಿರಲಿ. ತೀರಾ ಹತ್ತಿರವಿದ್ದರೆ ಪ್ರತಿ ಏಟಿಗೂ ಅದು ತೆರೆದುಕೊಂಡು ಆಯಿಲ್ ಕುದಿಸುತ್ತದೆ.

ಆಯಿಲ್ 80 ಡಿಗ್ರಿ ದಾಟಬಾರದು. ನಮ್ಮ ಬಯಲುಸೀಮೆಯ ಬೇಸಿಗೆಗೆ 68 ಗ್ರೇಡ್ ಆಯಿಲ್ ವಾಸಿ, ಮಷಿನ್ ಕೈಪಿಡಿ ಒಪ್ಪಿದರೆ. ಕೂಲರ್ ಜಾಲರಿಯಲ್ಲಿ ಕಲ್ಲುಪುಡಿ ಕೂತಿದ್ದರೆ ಯಾವ ಗ್ರೇಡೂ ಕಾಪಾಡದು. ದಿನಾ ಒಳಗಿನಿಂದ ಹೊರಕ್ಕೆ ಗಾಳಿ ಹೊಡೆಸಿ. ಬಕೆಟ್ ಕೆಲಸಕ್ಕೆ ಹೇಳಿರುವ ಸಾವಿರಾರು ಗಂಟೆಗಳ ಆಯಿಲ್ ಲೆಕ್ಕ ಬ್ರೇಕರ್‌ಗೆ ಸಲ್ಲುವುದಿಲ್ಲ. ದಿನವಿಡೀ ಬ್ರೇಕರ್ ಓಡಿದರೆ ಫಿಲ್ಟರ್ 100 ಗಂಟೆಗೊಮ್ಮೆ, ಆಯಿಲ್ 600–800 ಗಂಟೆಗೊಮ್ಮೆ ಬದಲಾಗಬೇಕು. ಪೈಪ್‌ಲೈನ್ ಬಿಚ್ಚಿ ಮತ್ತೆ ಮಾಡಿಸಿದರೆ, ವೆಲ್ಡಿಂಗ್ ಕಿಟ್ಟ ಒಳಗೆ ಉಳಿದಿರುತ್ತದೆಂದೇ ತಿಳಿಯಿರಿ. ಬ್ರೇಕರ್ ಜೋಡಿಸದೆ ಎರಡು ಹೋಸ್‌ಗಳನ್ನು ಒಂದಕ್ಕೊಂದು ಸೇರಿಸಿ ಹತ್ತು ನಿಮಿಷ ಆಯಿಲ್ ಸುತ್ತಿಸಿ, ಫಿಲ್ಟರ್ ಬದಲಿಸಿ, ಆಮೇಲೆ ಬ್ರೇಕರ್‌ಗೆ ಕೊಡಿ. ಬಿಚ್ಚಿಟ್ಟ ಹೋಸ್ ಬಾಯಿಗೆ ಬಟ್ಟೆ ತುರುಕುವುದಲ್ಲ, ಕ್ಯಾಪ್ ಹಾಕಿ.

ಆಪರೇಟರ್ ಕಿವಿ

ಕಲ್ಲು ಕಚ್ಚಿಕೊಂಡ ಏಟಿನ ಸದ್ದು ‘ದಬ್ ದಬ್’ ಎಂದು ಮಂದ. ಖಾಲಿ ಏಟಿನದು ‘ಠಣ್ ಠಣ್’. ಆ ಠಣ್ ಕೇಳಿದ ಕ್ಷಣ ಪೆಡಲ್ ಬಿಡುವವನೇ ಒಳ್ಳೆಯ ಬ್ರೇಕರ್ ಆಪರೇಟರ್. ಒಂದು ಜಾಗದಲ್ಲಿ 15–20 ಸೆಕೆಂಡ್ ಹೊಡೆದೂ ಬಿರುಕು ಬಿಡದಿದ್ದರೆ ಜಾಗ ಬದಲಿಸಬೇಕು. ದೊಡ್ಡ ಬಂಡೆಯ ನಡುನೆತ್ತಿಗೆ ಹೊಡೆಯುವುದಲ್ಲ, ಅಂಚಿನಿಂದ ಒಂದಡಿ ಒಳಗೆ ಶುರುಮಾಡಿ ಒಳಕ್ಕೆ ಸರಿಯಬೇಕು. ಚಿಸೆಲ್ ಕಲ್ಲಿನ ಮೈಗೆ ನೇರ ಕೂರಬೇಕು. ಒತ್ತಡ ಎಷ್ಟೆಂದರೆ ಟ್ರ್ಯಾಕಿನ ಮುಂಭಾಗ ನೆಲ ಬಿಟ್ಟಿತೋ ಇಲ್ಲವೋ ಎನ್ನುವಷ್ಟು. ಕಡಿಮೆಯಾದರೆ ಖಾಲಿ ಏಟು, ಹೆಚ್ಚಾದರೆ ಕಲ್ಲು ಒಡೆದಾಗ ಮಷಿನ್ನೇ ಧೊಪ್ಪನೆ ಬೀಳುತ್ತದೆ. ಯಾವ ಸಿಲಿಂಡರನ್ನೂ ತುದಿಯವರೆಗೆ ಚಾಚಿ ಹೊಡೆಯಬಾರದು, 10 ಸೆಂ.ಮೀ. ಉಳಿಸಿಕೊಳ್ಳಬೇಕು. ಗಂಟೆ ಲೆಕ್ಕದ ಬದಲು ಲೋಡ್ ಲೆಕ್ಕದಲ್ಲಿ ಕೂಲಿ ಕೊಡುವ ಕಡೆ ಇದೆಲ್ಲ ಹೇಳಿದಷ್ಟು ಸುಲಭವಲ್ಲ, ಗೊತ್ತು. ಆದರೆ ಎರಡು ಚಿಸೆಲ್ ಬೆಲೆಯನ್ನೂ ಆ ಲೆಕ್ಕಕ್ಕೆ ಸೇರಿಸಿ ನೋಡಿ.

ನೀವು ಯಾವ ಚಿಸೆಲ್ ಬಳಸುತ್ತೀರೆಂದು ಬರೆದಿಲ್ಲ. ಸಿಡಿಸಿದ ಮೇಲೆ ಉಳಿದ ಗ್ರಾನೈಟ್ ಬಂಡೆಗಳನ್ನು ಚೂರು ಮಾಡಲು ಮೊಂಡು ತುದಿಯದು ಉತ್ತಮ, ಅದು ಜಾರುವುದಿಲ್ಲ, ಏಟಿನ ಶಕ್ತಿ ಕಲ್ಲಿನೊಳಗೆ ಹರಡುತ್ತದೆ. ಚೂಪಿನದು ನೆಲದಲ್ಲಿ ಕೂತ ಬಂಡೆ ಅಗೆಯಲು, ಉಳಿಯಾಕಾರದ್ದು ಶಹಾಬಾದ್ ಕಲ್ಲಿನಂಥ ಪದರಗಲ್ಲಿಗೆ. ರಿಟೈನರ್ ಪಿನ್ ಮತ್ತು ಚಿಸೆಲ್ ತೋಡಿನ ಅಂಚಿನಲ್ಲಿ ಏಳುವ ಚೂಪು ಉಬ್ಬನ್ನು ಗ್ರೈಂಡರ್‌ನಿಂದ ವಾರಕ್ಕೊಮ್ಮೆ ತೆಗೆಸಿ. ಬಿಟ್ಟರೆ ಪಿನ್ ಒಳಗೇ ಕಚ್ಚಿಕೊಂಡು, ಹೊರತೆಗೆಯಲು ಗ್ಯಾಸ್ ಕಟರ್ ತರಿಸುವ ಪರಿಸ್ಥಿತಿ ಬರುತ್ತದೆ.

ಸೀಲ್ ಹಾಕಿಸಲೇಬೇಕಾದರೆ

ಮೇಲಿನ ಪರೀಕ್ಷೆಯಲ್ಲಿ ತೆಳು ಆಯಿಲ್ಲೇ ಇಳಿದರೆ ಹಾಕಿಸಿ. ಆದರೆ ಕ್ವಾರಿ ನೆಲದ ಮೇಲೆ, ದೂಳಿನಲ್ಲಿ ಬೇಡ, ಶೆಡ್ಡಿಗೆ ತನ್ನಿ. ಉದ್ದ ಬೋಲ್ಟ್‌ಗಳಿಗೆ ಸ್ಪ್ಯಾನರ್ ಹಾಕುವ ಮೊದಲು ಬ್ಯಾಕ್ ಹೆಡ್ ಗ್ಯಾಸ್ ಪೂರ್ತಿ ಬಿಡಿ. ಗ್ಯಾಸ್ ಇರುವಾಗ ಬೋಲ್ಟ್ ಬಿಚ್ಚಿದರೆ ಬ್ಯಾಕ್ ಹೆಡ್ ಹಾರಿ ಜನ ಸಾಯುತ್ತಾರೆ. ಪಿಸ್ಟನ್ ಹೊರತೆಗೆದು ಮೈಮೇಲೆ ಉಗುರು ಎಳೆಯಿರಿ. ಉಗುರಿಗೆ ಸಿಗದ ಸಣ್ಣ ಗೀರನ್ನು ಎಣ್ಣೆಗಲ್ಲಿನಿಂದ ನಯ ಮಾಡಬಹುದು. ಉಗುರು ಸಿಕ್ಕಿಕೊಂಡರೆ ಹೊಸ ಸೀಲ್ ಹಾಕಿಯೂ ನಿಲ್ಲುವುದಿಲ್ಲ, ಮೊದಲು ಪಿಸ್ಟನ್ ಸಿಲಿಂಡರ್ ಮಾತು ಮುಗಿಸಿ. ಹಳೆಯ ಸೀಲ್ ತೆಗೆಯುವ ಮುಂಚೆ ಯಾವುದು ಯಾವ ತೋಡಿನಲ್ಲಿ, ಬಾಯಿ ಯಾವ ಕಡೆಗಿತ್ತು ಎಂದು ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ಯು ಪ್ಯಾಕಿಂಗ್ (U ಆಕಾರದ ಸೀಲ್) ಬಾಯಿ ಒತ್ತಡ ಬರುವ ಕಡೆಗೆ, ಅಂದರೆ ಆಯಿಲ್ ಕಡೆಗೆ ಇರಬೇಕು. ಡಸ್ಟ್ ಸೀಲ್ ತುಟಿ ಹೊರಕ್ಕೆ. ಹೊಸ ಸೀಲಿಗೆ ಹೈಡ್ರಾಲಿಕ್ ಆಯಿಲ್ ಸವರಿ, ಗೋಡಂಬಿ ಆಕಾರಕ್ಕೆ ಮಡಚಿ ಬೆರಳಿನಿಂದಲೇ ಕೂರಿಸಿ, ಸ್ಕ್ರೂಡ್ರೈವರ್ ತಾಗಬಾರದು. ನಾಲ್ಕು ಉದ್ದ ಬೋಲ್ಟ್‌ಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವಾಗಿ, ಕೈಪಿಡಿ ಹೇಳಿದ ಟಾರ್ಕ್‌ಗೆ ಬಿಗಿಸಿ. ಒಂದು ಸಡಿಲವಿದ್ದರೂ ಅದರ ಪಾಲಿನ ಏಟು ಉಳಿದ ಮೂರರ ಮೇಲೆ ಬಿದ್ದು ಒಂದೊಂದಾಗಿ ಮುರಿಯುತ್ತವೆ.

ನಿಮ್ಮ ವಿಷಯದಲ್ಲಿ ಕ್ರಮ ಹೀಗಿರಲಿ: ನಾಳೆ ಬೆಳಿಗ್ಗೆ ತಣ್ಣಗಿರುವಾಗ ಗ್ಯಾಸ್ ಅಳೆಯಿರಿ, ಬುಷ್ ಸಂದಿ ಅಳೆಯಿರಿ, ಸ್ಟಾಪ್ ವಾಲ್ವ್ ನೋಡಿ. ಅದೇ ದಿನ ರಿಟರ್ನ್ ಲೈನಿಗೆ ಗೇಜ್ ಹಾಕಿಸಿ. ಮೆಕ್ಯಾನಿಕ್ ಹತ್ತಿರ ಗೇಜ್ ಇಲ್ಲದಿದ್ದರೆ, ಅದು ಇರುವವರನ್ನು ಕರೆಸಿ. ಈ ನಾಲ್ಕರಲ್ಲಿ ಕಂಡದ್ದನ್ನು ಬರೆದು, ಬ್ರೇಕರ್ ಪ್ಲೇಟಿನ ಫೋಟೊ ಮತ್ತು ಮುರಿದ ಚಿಸೆಲ್ ಮುಖದ ಫೋಟೊ ಕಳಿಸಿದರೆ ಮುಂದಿನದು ಹೇಳಬಹುದು.